ಬೈಬಲ್ ಆ್ಯಪ್ ಕನ್ನಡದಲ್ಲಿ: ಓದಲಿಕ್ಕೆ ಅನುಕೂಲ, ನಡೆಯಲಿಕ್ಕೆ ಇನ್ನಷ್ಟು ಬೇಕು

ಯೂವರ್ಷನ್ ಬೈಬಲ್ ಆ್ಯಪನ್ನು ಅಮೆರಿಕದ ಒಕ್ಲಹೋಮಾದ ಲೈಫ್ ಚರ್ಚ್ 2008ರಲ್ಲಿ ಹೊರತಂದಿತು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಿರಿಕಿರಿಯೂ ಇಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅಂದಿನಿಂದ ಸಂಜೆಯ ಮನೆ ಪ್ರಾರ್ಥನೆ ಉಳಿಸಿಕೊಂಡು ಬಂದ ಕುಟುಂಬಗಳಲ್ಲೂ ಈಗ ಅಚ್ಚಿನ ಸತ್ಯವೇದದ (ಬೈಬಲಿನ) ಬದಲು ಫೋನ್ ಕೈಗೆ ಬರುತ್ತಿದೆ. ಹಾಗಾಗಿ ಆ್ಯಪ್ ಎಷ್ಟು ಚಂದ ಕಾಣುತ್ತದೆ ಅನ್ನುವುದಕ್ಕಿಂತ, ಓದಿದ ವಾಕ್ಯ ಅಂಗಡಿ, ಹೊಲ, ಅಡುಗೆಮನೆಯವರೆಗೆ ಬರಲು ಅದು ನೆರವಾಗುತ್ತದೆಯೇ ಅನ್ನುವುದನ್ನೇ ಇಲ್ಲಿ ನೋಡಿದ್ದೇವೆ.

ಮೊದಲು ಹೊಂದಿಸಿಕೊಳ್ಳುವ ಕೆಲಸ. ಓದುವ ಪುಟದ ಮೇಲ್ಭಾಗದಲ್ಲಿ ಅನುವಾದದ ಹೆಸರಿನ ಮೇಲೆ ಒತ್ತಿ, ಭಾಷೆ ಕನ್ನಡ ಮಾಡಿಕೊಳ್ಳಿ. ಚರ್ಚ್ ಸಭೆಗಳಲ್ಲಿ ಬಳಕೆಯಲ್ಲಿರುವ ಬೈಬಲ್ ಸೊಸೈಟಿಯ ಹಳೆಯ ಅನುವಾದ, ಸರಳ ಭಾಷೆಯ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಅನುವಾದ, ಇಂಡಿಯನ್ ರಿವೈಸ್ಡ್ ವರ್ಷನ್ ಎಲ್ಲವೂ ಅಲ್ಲಿವೆ. ಕನಿಷ್ಠ ಎರಡನ್ನು ಆರಿಸಿಕೊಳ್ಳಿ, ಡೌನ್‌ಲೋಡ್ ಗುರುತು ಇರುವುದನ್ನು ಮನೆಯ ವೈಫೈನಲ್ಲೇ ಇಳಿಸಿಟ್ಟುಕೊಳ್ಳಿ. ಕಲಘಟಗಿ, ಕುಂದಗೋಳ ಕಡೆಯ ಹಳ್ಳಿಗಳ ಕೂಟಕ್ಕೆ ಹೋದಾಗ ನೆಟ್‌ವರ್ಕ್ ಕೈಕೊಟ್ಟರೂ ಓದು ನಿಲ್ಲುವುದಿಲ್ಲ. ಆರಾಧನೆಗೆ ಕೂಡುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿದರೆ ಪ್ರಸಂಗದ ನಡುವೆ ಮೆಸೇಜೂ ಬರುವುದಿಲ್ಲ.

ಒಂದು ವಚನದ ಮೇಲೆ ಒತ್ತಿದರೆ ಬಣ್ಣ ಹಚ್ಚಲು, ಟಿಪ್ಪಣಿ ಬರೆಯಲು, ಬೇರೆ ಅನುವಾದಗಳ ಜೊತೆ ಹೋಲಿಸಲು ಬರುತ್ತದೆ. ಇವುಗಳಲ್ಲಿ ನಮಗೆ ಹೆಚ್ಚು ಉಪಯೋಗ ಕಂಡದ್ದು ಹೋಲಿಕೆ. ಪೌಲನ ಪತ್ರಗಳ ಉದ್ದುದ್ದ ವಾಕ್ಯ ಹಳೆಯ ಅನುವಾದದಲ್ಲಿ ತಿಳಿಯದಿದ್ದಾಗ ಸರಳ ಅನುವಾದ ಪಕ್ಕಕ್ಕಿದ್ದರೆ ಹತ್ತನೇ ಕ್ಲಾಸಿನ ಹುಡುಗರಿಗೂ ದಾರಿ ಸಿಗುತ್ತದೆ.

ಇನ್ನು ತೊಂದರೆಯ ಮಾತು. ಮುಂಜಾನೆ ಫೋನಿಗೆ ಬರುವ ‘ದಿನದ ವಚನ’ ಒಂದೇ ಒಂದು ವಚನ. ಅದನ್ನು ಚಿತ್ರ ಮಾಡಿ ಸ್ಟೇಟಸ್‌ಗೆ ಹಾಕುವಷ್ಟಕ್ಕೆ ಆ ದಿನದ ಓದು ಮುಗಿದುಹೋಗುತ್ತದೆ. ಯೆರೆಮೀಯ 29:11 (29ನೇ ಅಧ್ಯಾಯದ 11ನೇ ವಚನ) ನೋಡಿ. ನಿಮಗಾಗಿ ನನ್ನಲ್ಲಿ ಹಿತದ ಆಲೋಚನೆಗಳಿವೆ ಎಂದು ದೇವರು ಹೇಳುವ ಮಾತು, ನೌಕರಿ ಹುಡುಕುವವರ ಸ್ಟೇಟಸ್‌ನಲ್ಲಿ ಇದ್ದೇ ಇರುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಹಿಂದಿನ 10ನೇ ವಚನದಲ್ಲಿ 70 ವರ್ಷ ಕಾಯಬೇಕು ಎಂದಿದೆ. 5ರಿಂದ 7ರವರೆಗೆ ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದಿದೆ. ಇವೆಲ್ಲ ಸೇರಿದರೆ ಆ ವಚನ ಕಾಯುವವರಿಗೆ ಕೈತುಂಬ ಕೆಲಸ ಕೊಡುತ್ತದೆ. ಮುಂದಿನ ತಿಂಗಳು ನೌಕರಿಯ ಆರ್ಡರ್ ಬರುತ್ತದೆ ಎಂಬ ವಾಗ್ದಾನವಾಗಿ ಓದಿ, ಬಾರದಿದ್ದಾಗ ದೇವರೇ ಕೈಬಿಟ್ಟ ಎಂದು ಕುಸಿಯುವವರಿಗೆ ಈ ಪೂರ್ತಿ ಪುಟ ಓದಿಸಬೇಕು. ಉಪಾಯ ಸುಲಭ: ದಿನದ ವಚನ ಬಂದಾಗ ಅದೇ ಅಧ್ಯಾಯ ತೆರೆದು ಮೊದಲಿಂದ ಓದಿ, ಆಮೇಲೆ ಬೇಕಿದ್ದರೆ ಹಂಚಿ.

ಪೂರ್ತಿ ಓದಿದ ಮೇಲೆ ಟಿಪ್ಪಣಿಯ ಸೌಲಭ್ಯ ಕೆಲಸಕ್ಕೆ ಬರುತ್ತದೆ. ಮೊದಲ ಸಾಲಿನಲ್ಲಿ ಯಾರು ಯಾರಿಗೆ ಹೇಳಿದ್ದು ಎಂದು ಬರೆಯಿರಿ. ಎರಡನೆಯದರಲ್ಲಿ ಅದು ಆಜ್ಞೆಯೋ, ವಾಗ್ದಾನವೋ, ಬರೀ ನಡೆದ ಸಂಗತಿಯೋ ಎಂದು. ಈ ಎರಡನೆಯ ಸಾಲನ್ನು ಬಿಟ್ಟರೇ ಹೆಚ್ಚು ಎಡವಟ್ಟು. ಗಿದ್ಯೋನನು ಉಣ್ಣೆ ಹಾಸಿ ದೇವರಿಂದ ಗುರುತು ಕೇಳಿದ್ದು (ನ್ಯಾಯಸ್ಥಾಪಕರು 6) ನಡೆದ ಸಂಗತಿ. ಹೆಣ್ಣು ನೋಡಲು ಹೋಗುವಾಗ ನಾವೂ ಹಾಗೆ ಗುರುತು ಕೇಳಬೇಕೆಂದು ಅಲ್ಲಿ ಎಲ್ಲೂ ಹೇಳಿಲ್ಲ. ಮೂರನೆಯ ಸಾಲಿನಲ್ಲಿ ಇವತ್ತು ಯಾರಿಗೆ, ಏನು, ಎಷ್ಟು ಹೊತ್ತಿನೊಳಗೆ ಮಾಡಬೇಕು ಎಂದು ಬರೆಯಿರಿ.

ಉದಾಹರಣೆಗೆ ಯಾಜಕಕಾಂಡ 19. 13ನೇ ವಚನ ಕೂಲಿಯವನ ಕೂಲಿ ಬೆಳಗಿನವರೆಗೆ ನಿಮ್ಮ ಹತ್ತಿರ ಉಳಿಯಬಾರದು ಎನ್ನುತ್ತದೆ. ಧರ್ಮೋಪದೇಶಕಾಂಡ 24:15 ಕಾರಣ ಕೊಡುತ್ತದೆ: ಅವನು ಬಡವ, ಆ ಕೂಲಿಯನ್ನೇ ನಂಬಿರುತ್ತಾನೆ. ಹೊಸ ಒಡಂಬಡಿಕೆಯ ಯಾಕೋಬ 5:4ರಲ್ಲಿ ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತದೆ. ಹಳೆಯ ಒಡಂಬಡಿಕೆಯ ಮಾತನ್ನು ಹೊಸದೂ ಎತ್ತಿ ಹಿಡಿದಿರುವುದರಿಂದ ಇದು ಆ ಕಾಲಕ್ಕಷ್ಟೇ ಎನ್ನಲು ಬರುವುದಿಲ್ಲ. ಹಾಗಾದರೆ ಮೂರನೆಯ ಸಾಲಿನಲ್ಲಿ ಏನು ಬರೆಯಬೇಕು? ‘ಇವತ್ತು ಗೌಂಡಿಗೂ ಅವನ ಇಬ್ಬರು ಆಳುಗಳಿಗೂ ಸಂಜೆ 6ಕ್ಕೆ ಪಗಾರ. ಮಧ್ಯಾಹ್ನವೇ ಎಟಿಎಂನಿಂದ 500, 100ರ ನೋಟು ತಂದಿಡುವುದು.’ ಚಿಲ್ಲರೆ ಇಲ್ಲ, ನಾಳೆ ಬಾ ಎಂದು ಕಳಿಸುವುದಕ್ಕೆ ಕಾರಣವೇ ಉಳಿಯುವುದಿಲ್ಲ. ‘ಬಡವರ ಮೇಲೆ ಕರುಣೆ ಇರಲಿ’ ಎಂದಷ್ಟೇ ಬರೆದಿಟ್ಟರೆ ಸಂಜೆ ಆ ಗೌಂಡಿ ಬರಿಗೈಲೇ ಹೋಗುತ್ತಾನೆ.

ಅದೇ ಅಧ್ಯಾಯದ 9, 10ನೇ ವಚನ ಹೊಲದ ಅಂಚಿನವರೆಗೂ ಕೊಯ್ಯಬೇಡಿರಿ, ಹಕ್ಕಲನ್ನು (ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದದ್ದನ್ನು) ಬಡವರಿಗೆ ಬಿಡಿರಿ ಎನ್ನುತ್ತದೆ. ಗದಗ, ಹಾವೇರಿಯ ರೈತರಿಗೆ ಹಕ್ಕಲು ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಶೇಂಗಾ ಕಿತ್ತ ಹೊಲಕ್ಕೆ ಆಯಲು ಬಂದವರನ್ನು ಓಡಿಸಬೇಕೋ ಬೇಡವೋ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಸಭೆಯ ಜಗಳಕ್ಕೆ ಮತ್ತಾಯ 18:15ರಿಂದ 17 ತೆಗೆಯುತ್ತಾರೆ. ಮೊದಲು ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ ಎಂಬ ಕ್ರಮ ಅಲ್ಲಿದೆ. ಆದರೆ ಮೊದಲೇ ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಮೂರನೆಯ ಮೆಟ್ಟಿಲಿಂದಲೇ ಶುರು ಮಾಡಿದಂತೆ. ಒಬ್ಬರೇ ಮನೆಗೆ ಹೋಗಿ, ಮುಖ ನೋಡಿ ಮಾತಾಡಿ. ಹೆಂಡತಿಯ ಮೇಲೆ ಕೈ ಮಾಡುವುದು, ಮಕ್ಕಳಿಗೆ ಕಿರುಕುಳ ಇಂಥವಕ್ಕೆ ಈ ಕ್ರಮ ಹಿಡಿದು, ಪೆಟ್ಟು ತಿಂದವಳನ್ನೇ ಒಬ್ಬಳೇ ಹೋಗು ಎನ್ನಕೂಡದು. ಅಪರಾಧವನ್ನು ಶಿಕ್ಷಿಸುವ ಅಧಿಕಾರ ಸರ್ಕಾರಕ್ಕಿದೆ ಎಂದು ರೋಮಾಪುರ 13 ಹೇಳುತ್ತದೆ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಒಂದೊಂದೇ ವಚನ ತೋರಿಸುವ ಯಾವ ಆ್ಯಪ್ ಕೂಡ ಈ ವಿವೇಚನೆ ಕೊಡುವುದಿಲ್ಲ. ಇದಕ್ಕೆ ಸಭಾಪಾಲಕರು, ಅನುಭವಿ ತಾಯಂದಿರು ಬೇಕು.

ಆ್ಯಪಿನ ಓದುವ ಯೋಜನೆಗಳಲ್ಲಿ ಕೆಲವೇ ದಿನದ, ವಿಷಯಕ್ಕೊಂದರಂತೆ ವಚನ ಹೆಕ್ಕಿದವುಗಳಿಗಿಂತ ಒಂದು ಪುಸ್ತಕ ಪೂರ್ತಿ ಓದಿಸುವುದನ್ನು ಆರಿಸಿ. ಯಾಕೋಬನ ಪತ್ರ 5 ಅಧ್ಯಾಯ, 108 ವಚನ. ರೂತಳು 4 ಅಧ್ಯಾಯ. ಮನೆ ಪ್ರಾರ್ಥನೆಗೆ ಎರಡೂ ಹದವಾದ ಅಳತೆ. ಸತತ ಎಷ್ಟು ದಿನ ಆ್ಯಪ್ ತೆರೆದಿರಿ ಎಂಬ ಲೆಕ್ಕವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಲೆಕ್ಕ ತಪ್ಪಬಾರದೆಂದು ರಾತ್ರಿ 11:50ಕ್ಕೆ ತೆರೆದು ಮುಚ್ಚಿದರೆ ಯಾರಿಗೂ ಪ್ರಯೋಜನವಿಲ್ಲ.

ಅಧ್ಯಯನ ನಡೆಸುವವರು ಸಂಬಂಧಿತ ವಚನಗಳ ಸೂಚನೆ ಇರುವ ಅಚ್ಚಿನ ಸತ್ಯವೇದವನ್ನು ಜೊತೆಗೆ ಇಟ್ಟುಕೊಳ್ಳಲೇಬೇಕು. ಮೇಲಿನ ಕೂಲಿಯ ವಚನಗಳಂತೆ ಒಂದರಿಂದ ಇನ್ನೊಂದಕ್ಕೆ ಹೋಗಲು ಬೆರಳಿಟ್ಟುಕೊಂಡು ಪುಟ ತಿರುವುವುದೇ ಬೇಗ. ಆ್ಯಪಿನ ಹುಡುಕಾಟ ನೆಚ್ಚಿಕೊಂಡರೆ ‘ಕೂಲಿ’, ‘ಕೂಲಿಯನ್ನು’, ‘ಕೂಲಿಯವನ’ ಹೀಗೆ ಬೇರೆ ಬೇರೆ ರೂಪ ಹಾಕಿ ನೋಡಿ.

ಅಕ್ಷರ ದೊಡ್ಡದು ಮಾಡುವ ಸೌಲಭ್ಯ ಹಿರಿಯರಿಗೆ ಬಹಳ ಅನುಕೂಲ. ಇನ್ನೊಂದು ಎಚ್ಚರಿಕೆ: ಟಿಪ್ಪಣಿಯಲ್ಲಿ ಯಾರ ಸಾಲ, ಯಾರ ಮನೆಯ ಜಗಳ ಎಂದು ಪ್ರಾರ್ಥನೆಗಾಗಿ ಬರೆದುಕೊಳ್ಳುವವರು, ಉಳಿಸುವ ಮುಂಚೆ ಅದು ಬೇರೆಯವರಿಗೆ ಕಾಣದಂತೆ ಖಾಸಗಿ ಎಂದಿದೆಯೋ ಇಲ್ಲವೋ ನೋಡಿಕೊಳ್ಳಿ.