ನ್ಯೂಯಾರ್ಕ್‌ನಿಂದ ಸಿಂಗಪುರಕ್ಕೆ ಎಷ್ಟು ದೂರ? ಐದು ಲೆಕ್ಕ, ಐದು ಉತ್ತರ

ದೂರದ ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ಕಿ.ಮೀ. ಎಂದು ಲೆಕ್ಕ ಹಾಕಲು ದಾರಿಗಳು ಬೇಕಾದಷ್ಟಿವೆ. ಎಲ್ಲಕ್ಕೂ ಒಂದೇ ಜೋಡಿ ಕೊಟ್ಟು ನೋಡಿದೆ: ನ್ಯೂಯಾರ್ಕ್‌ನ ಜೆಎಫ್‌ಕೆ ಮತ್ತು ಸಿಂಗಪುರದ ಚಾಂಗಿ.

ಗೋಡೆಯ ನಕ್ಷೆ ಮತ್ತು ಸ್ಕೇಲನ್ನು ಮೊದಲೇ ಬಿಟ್ಟುಬಿಡಿ. ಮರ್ಕೇಟರ್ (ಗೋಡೆಗಳ ಮೇಲೆ ಸಾಮಾನ್ಯವಾಗಿ ಕಾಣುವ ಚಪ್ಪಟೆ ಜಗತ್ತಿನ) ನಕ್ಷೆಯ ನೇರ ಗೆರೆ ಹಿಡಿದು ಹೋದರೆ ಸುಮಾರು 18,500 ಕಿ.ಮೀ. ಆಗುತ್ತದೆ. ನಿಜವಾದ ಹತ್ತಿರದ ದಾರಿ ಉತ್ತರ ಧ್ರುವದಿಂದ 300 ಕಿ.ಮೀ. ಒಳಗೇ ಹಾದು ಹೋಗುತ್ತದೆ. ಚಪ್ಪಟೆ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ.

ಗ್ಲೋಬಿನ ಮೇಲೆ ದಾರ ಬಿಗಿ ಹಿಡಿದರೆ ಕಾಣುತ್ತದೆ. 30 ಸೆಂ.ಮೀ. ಅಗಲದ ಗ್ಲೋಬಿನಲ್ಲಿ ದಾರ ಸುಮಾರು 36 ಸೆಂ.ಮೀ. ಬೇಕು. ಆದರೆ ಒಂದು ಮಿ.ಮೀ. ಎಂದರೆ 42 ಕಿ.ಮೀ.ಗಿಂತ ಜಾಸ್ತಿ. ದಾರ ಚೂರು ಸರಿದರೂ ನೂರಿನ್ನೂರು ಕಿ.ಮೀ. ಹೋಯಿತು.

ನನಗೆ ತುಂಬಾ ಇಷ್ಟವಾದದ್ದು ಎಕ್ಸೆಲ್‌ನಲ್ಲಿ ಹ್ಯಾವರ್‌ಸೈನ್ ಸೂತ್ರ. ಭೂಮಿ ಪೂರ್ತಿ ಗುಂಡಗಿದೆ, ತ್ರಿಜ್ಯ 6,371 ಕಿ.ಮೀ. ಎಂದುಕೊಂಡು, ಎರಡೂ ಕಡೆಯ ಅಕ್ಷಾಂಶ-ರೇಖಾಂಶದಿಂದ ದೂರ ಲೆಕ್ಕ ಮಾಡುವ ಸೂತ್ರ ಇದು. ಉತ್ತರ ಸುಮಾರು 15,340 ಕಿ.ಮೀ. ಎರಡು ಕಡೆ ಹುಷಾರಾಗಿರಬೇಕು. ಡಿಗ್ರಿಯನ್ನು ರೇಡಿಯನ್ನಿಗೆ (ಕೋನ ಅಳೆಯುವ ಇನ್ನೊಂದು ಮಾನ) ಬದಲಿಸಲೇಬೇಕು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಲೇಬೇಕು. ಜೆಎಫ್‌ಕೆಯ 73.78ರ ಮುಂದೆ ಮೈನಸ್ ತೆಗೆದು ನೋಡಿ: ನ್ಯೂಯಾರ್ಕ್ ಸೀದಾ ಕಿರ್ಗಿಸ್ತಾನದ ಬೆಟ್ಟಗಳಿಗೆ ಹೋಗಿ ಕೂರುತ್ತದೆ, ದೂರ 5,300ಕ್ಕೆ ಇಳಿಯುತ್ತದೆ. ಎಕ್ಸೆಲ್ ಏನೂ ತಕರಾರು ಮಾಡುವುದಿಲ್ಲ. ನೂರಾರು ಜೋಡಿಗಳ ಪಟ್ಟಿ ಇದ್ದರೆ ಮಾತ್ರ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ, ಅಲ್ವಾ? ಅದನ್ನೂ ಲೆಕ್ಕಕ್ಕೆ ಸೇರಿಸುವ ಪೈಥಾನ್ ಲೈಬ್ರರಿಗಳಿವೆ (ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಸಿಗುವ ಸಿದ್ಧ ಕೋಡ್). ಅವುಗಳ ಉತ್ತರ 15,349ರ ಆಸುಪಾಸು. ಸೂತ್ರಕ್ಕಿಂತ ಒಂಬತ್ತು ಕಿ.ಮೀ. ಜಾಸ್ತಿ, ಅಷ್ಟೇ. ಜೆಎಫ್‌ಕೆಯ ಅತಿ ಉದ್ದದ ರನ್‌ವೇ ಒಂದೇ ನಾಲ್ಕು ಕಿ.ಮೀ. ದಾಟುತ್ತದೆ. ಸಂಶೋಧನೆಗೆ ಬೇಕಾಗಬಹುದು, ಮಿಕ್ಕವರಿಗೆ ಸುಮ್ನೆ ತಲೆನೋವು.

ಒಂದೇ ಜೋಡಿ ಸಾಕು ಎನ್ನುವವರಿಗೆ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣ ಇದೆ. ನಿಲ್ದಾಣಗಳ ಮೂರಕ್ಷರದ ಕೋಡ್ ಹೊಡೆದರೆ ಗೆರೆಯೂ ಬರುತ್ತದೆ, ಸಂಖ್ಯೆಯೂ ಬರುತ್ತದೆ. ಯಾವ ಮೈಲಿ ಎಂದು ಮಾತ್ರ ಗಮನಿಸಿ. ಇದೇ ದೂರ ಸಾಮಾನ್ಯ ಮೈಲಿಯಲ್ಲಿ ಸುಮಾರು 9,540, ಹಡಗು, ವಿಮಾನಗಳಿಗೆ ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 8,290.

ಇಷ್ಟೆಲ್ಲ ಆದರೂ ವಿಮಾನ ಈ ಗೆರೆ ಹಿಡಿದೇ ಹಾರುತ್ತದೆ ಎಂದುಕೊಳ್ಳಬೇಡಿ. ಗಾಳಿ, ಹಾರಾಟಕ್ಕೆ ಮುಚ್ಚಿದ ದೇಶಗಳ ಆಕಾಶ, ಎರಡನ್ನೂ ನೋಡಿಕೊಂಡು ದಾರಿ ಬದಲಾಗುತ್ತದೆ. ಎಷ್ಟು ಗಂಟೆಯ ಪ್ರಯಾಣ ಎಂದು ತಿಳಿಯಬೇಕಿದ್ದರೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24ನಂಥ ಜಾಲತಾಣದಲ್ಲಿ ಇತ್ತೀಚಿನ ಹಾರಾಟದ ದಾಖಲೆ ನೋಡುವುದೇ ವಾಸಿ. ಹೆಲ್ಸಿಂಕಿಯಿಂದ ಟೋಕಿಯೊಗೆ ಎಲ್ಲ ಸೂತ್ರಗಳೂ ಸುಮಾರು 7,800 ಕಿ.ಮೀ. ಎನ್ನುತ್ತವೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ, ಒಂಬತ್ತು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಆ ಪ್ರಯಾಣಕ್ಕೆ ಫಿನ್‌ಲ್ಯಾಂಡಿನ ಫಿನ್‌ಏರ್ ಕಂಪನಿಯ ವಿಮಾನಗಳು ಹದಿಮೂರು ಗಂಟೆಯಷ್ಟು ತೆಗೆದುಕೊಳ್ಳತೊಡಗಿದವು.