3018 ಸಿಎನ್‌ಸಿಗೆ 10 ವ್ಯಾಟ್ ಲೇಸರ್: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

3018 ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ, ಮೇಜಿನ ಮೇಲಿಡುವ ಚಿಕ್ಕ ಯಂತ್ರ) ಜೊತೆ ಬರುವ ಚಿಕ್ಕ ಲೇಸರ್ ತೆಗೆದು 10 ವ್ಯಾಟ್‌ನ ನೀಲಿ ಡಯೋಡ್ ಲೇಸರ್ ಹಾಕಿದರೆ ಕತ್ತರಿಸುವ ಕೆಲಸದಲ್ಲಿ ಅಜಗಜಾಂತರ ವ್ಯತ್ಯಾಸ ಕಾಣುತ್ತದೆ. ಆದರೆ ಫೋಟೋ ಕೆತ್ತನೆ ಸುಧಾರಿಸುವುದಿಲ್ಲ, ಎಷ್ಟೋ ಸಲ ಮೊದಲಿಗಿಂತ ಕೆಡುತ್ತದೆ. ದುಡ್ಡು ಹಾಕುವ ಮುಂಚೆ ಇದು ಗೊತ್ತಿರಲಿ.

ಮೊದಲು ವ್ಯಾಟ್ ವಿಷಯ. ಡಬ್ಬಿಯ ಮೇಲೆ ದೊಡ್ಡದಾಗಿ 15, 40 ಎಂದು ಬರೆದಿರುವುದು ಬಹುಪಾಲು ಲೇಸರ್ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ, ಹೊರಬರುವ ಬೆಳಕಿನದ್ದಲ್ಲ. ಒಂದು ನೀಲಿ ಡಯೋಡ್ ಕೊಡುವುದು ಸುಮಾರು 5 ವ್ಯಾಟ್ ಬೆಳಕು. 10 ವ್ಯಾಟ್ ಬೇಕೆಂದರೆ ಒಳಗೆ ಎರಡು ಡಯೋಡ್ ಇರಬೇಕು, 20 ಬೇಕೆಂದರೆ ನಾಲ್ಕು. ಒಂದೇ ಡಯೋಡ್ ಇದ್ದು '15 ವ್ಯಾಟ್' ಎಂದರೆ ನಂಬಬೇಡಿ.

10 ವ್ಯಾಟ್ ಮಾಡ್ಯೂಲ್ 12 ವೋಲ್ಟ್‌ನಲ್ಲಿ 3ರಿಂದ 4 ಆಂಪಿಯರ್ ಎಳೆಯುತ್ತದೆ. ಸಿಎನ್‌ಸಿ ಬೋರ್ಡಿನ ಲೇಸರ್ ಕನೆಕ್ಟರ್‌ಗೆ ಅಷ್ಟು ತಾಕತ್ತಿಲ್ಲ, ಅಲ್ಲಿಂದ ಪವರ್ ತೆಗೆದರೆ ರೆಗ್ಯುಲೇಟರ್ ಸುಟ್ಟುಹೋಗುತ್ತದೆ. 12 ವೋಲ್ಟ್, 5 ಆಂಪಿಯರ್‌ನ ಬೇರೆ ಅಡಾಪ್ಟರ್ ಕೊಡಿ. ಬೋರ್ಡಿನಿಂದ ಎರಡೇ ವೈರ್ ಸಾಕು: ಪಿಡಬ್ಲ್ಯುಎಂ ಸಿಗ್ನಲ್ (ಆನ್-ಆಫ್ ಮಿಡಿತದಿಂದ ಪವರ್ ಏರಿಳಿಸುವುದು) ಮತ್ತು ಗ್ರೌಂಡ್. ಗ್ರೌಂಡ್ ಜೋಡಿಸದಿದ್ದರೆ ಲೇಸರ್ ಹೇಳಿದ ಮಾತು ಕೇಳುವುದಿಲ್ಲ. ಕನೆಕ್ಟರ್‌ನ ಪಿನ್ ಕ್ರಮ ಬೋರ್ಡಿನಿಂದ ಬೋರ್ಡಿಗೆ ಬೇರೆ, ವೈರಿನ ಬಣ್ಣ ನೋಡಿ ಸಿಕ್ಕಿಸಬೇಡಿ. ಲೇಸರ್ ಜೋಡಿಸದೆಯೇ, ಬೋರ್ಡನ್ನು ನಡೆಸುವ ಜಿಆರ್‌ಬಿಎಲ್ ತಂತ್ರಾಂಶದಲ್ಲಿ $30=1000 (ಪೂರ್ಣ ಪವರ್‌ನ ಎಸ್ ಮೌಲ್ಯ), $32=0 (ಲೇಸರ್ ಮೋಡ್ ಆಫ್) ಇಟ್ಟು ಎಂ3 ಎಸ್500 (ಅರ್ಧ ಪವರ್‌ಗೆ ಆನ್ ಮಾಡುವ ಆಜ್ಞೆ) ಕಳಿಸಿ. ಸಿಗ್ನಲ್ ಪಿನ್‌ಗೂ ಗ್ರೌಂಡ್‌ಗೂ ನಡುವೆ ಮಲ್ಟಿಮೀಟರ್ ಸುಮಾರು 2.5 ವೋಲ್ಟ್ ತೋರಿಸಬೇಕು, ಆಫ್ ಮಾಡುವ ಎಂ5 ಕೊಟ್ಟರೆ ಸೊನ್ನೆಗೆ ಇಳಿಯಬೇಕು. 12 ಅಥವಾ 24 ಕಂಡರೆ ಅದು ಪವರ್ ಪಿನ್. ಆಮೇಲೆ ಸಿಗ್ನಲ್ ಮತ್ತು ಗ್ರೌಂಡ್ ವೈರ್‌ಗಳ ನಡುವೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಬೆಸುಗೆ ಹಾಕಿ. ಬೋರ್ಡ್ ಆನ್ ಆಗುವ ಕ್ಷಣದಲ್ಲಿ ಸಿಗ್ನಲ್ ಅತಂತ್ರವಾಗಿರುತ್ತದೆ. ಆಗ ಲೇಸರ್ ತಾನಾಗಿ ಮಿಂಚದಂತೆ ತಡೆಯುವುದು ಈ ರೆಸಿಸ್ಟರ್.

ಕರೆಂಟ್ ಹೋಗಿಬರುವ ನಮ್ಮೂರುಗಳಲ್ಲಿ ಇನ್ನೊಂದು ಅಪಾಯವಿದೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ಮೋಟಾರಿನ 24 ವೋಲ್ಟ್ ನಿಂತರೂ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಬೋರ್ಡಿನ ಚಿಪ್ ಓಡುತ್ತಲೇ ಇರುತ್ತದೆ. ಯಂತ್ರ ಚಲಿಸುತ್ತಿದೆ ಎಂದುಕೊಂಡು ಲೇಸರ್‌ಗೆ ಸಿಗ್ನಲ್ ಕೊಡುತ್ತಲೇ ಹೋಗುತ್ತದೆ. ಲೇಸರ್ ಅಡಾಪ್ಟರ್ ಯುಪಿಎಸ್‌ನಲ್ಲಿದ್ದು ಮೋಟಾರಿನದ್ದು ಮೇನ್ಸ್‌ನಲ್ಲಿದ್ದರೆ ಕಿರಣ ಒಂದೇ ಜಾಗವನ್ನು ಸುಡುತ್ತಾ ನಿಲ್ಲುತ್ತದೆ, ಬೆಂಕಿ ಹೊತ್ತಿಕೊಳ್ಳುವುದು ಹೀಗೆ. ಎರಡೂ ಅಡಾಪ್ಟರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ, ಒಂದೇ ಸ್ವಿಚ್ಚಿಗೆ ಇರಲಿ.

ಕೆಲಸಕ್ಕೆ ಇಳಿಯುವಾಗ $32=1 ಮಾಡಿ. ಲೇಸರ್ ಓಡಿಸುವ ಲೈಟ್‌ಬರ್ನ್ ತಂತ್ರಾಂಶದಲ್ಲಿ ಎಸ್ ಗರಿಷ್ಠ ಮೌಲ್ಯವೂ 1000 ಇರಬೇಕು. ಅಲ್ಲಿ 255 ಉಳಿದಿದ್ದರೆ ನೂರಕ್ಕೆ ನೂರು ಎಂದುಕೊಂಡಾಗ ಸಿಗುವುದು ಕಾಲು ಭಾಗ. ಎಂ3 ಬದಲು ಎಂ4 ಬಳಸಿ. ತಿರುವಿನಲ್ಲಿ ವೇಗ ತಗ್ಗಿದಂತೆ ಪವರ್ ಕೂಡ ತಗ್ಗುವುದರಿಂದ ಮೂಲೆಗಳು ಕರಕಲಾಗುವುದಿಲ್ಲ.

ಇನ್ನು ಕೆತ್ತನೆ ಏಕೆ ಸೊರಗುತ್ತದೆ ಎಂಬುದು. ಈ ಯಂತ್ರದ ಲೀಡ್ ಸ್ಕ್ರೂ (ಚಲಿಸುವ ಭಾಗವನ್ನು ತಳ್ಳುವ ತಿರುಪು ಸರಳು) ಒಂದು ಸುತ್ತಿಗೆ 4 ಮಿ.ಮೀ. ಸರಿಸುತ್ತದೆ, 1 ಮಿ.ಮೀ.ಗೆ ಮೋಟಾರಿನ 800 ಸ್ಟೆಪ್. ಜಿಆರ್‌ಬಿಎಲ್ ಓಡಿಸುವ ಹಳೆಯ 8 ಬಿಟ್ ಚಿಪ್ ಸೆಕೆಂಡಿಗೆ ಸುಮಾರು 30,000 ಸ್ಟೆಪ್ ಕೊಡಬಲ್ಲದು. ಭಾಗಿಸಿ ನೋಡಿ: ನಿಮಿಷಕ್ಕೆ 2250 ಮಿ.ಮೀ., ಅದಕ್ಕಿಂತ ಮೇಲಿಲ್ಲ. ಬೆಲ್ಟ್ ಇರುವ ಲೇಸರ್ ಯಂತ್ರಗಳು ಇದರ ಮೂರು ಪಟ್ಟು ಆರಾಮಾಗಿ ಓಡುತ್ತವೆ. ಇಷ್ಟು ನಿಧಾನಕ್ಕೆ 10 ವ್ಯಾಟ್ ವಿಪರೀತ ಹೆಚ್ಚು, ಹಾಗಾಗಿ ಮರದ ಮೇಲೆ ಶೇ. 12ರ ಆಸುಪಾಸಿನಲ್ಲಿ ಓಡಿಸಬೇಕಾಗುತ್ತದೆ. ಪಿಡಬ್ಲ್ಯುಎಂಗೆ ಇರುವುದೇ 255 ಮೆಟ್ಟಿಲು. ಅದರಲ್ಲಿ ಶೇ. 12 ಎಂದರೆ ಸುಮಾರು 30, ಕೆಳಗಿನ ಕೆಲವು ಮೆಟ್ಟಿಲುಗಳಲ್ಲಿ ಡಯೋಡ್ ಹೊತ್ತುವುದೇ ಇಲ್ಲ. ಮುಖದ ನೆರಳು ಪಟ್ಟೆ ಪಟ್ಟೆಯಾಗುವುದು ಇದರಿಂದ. ಗ್ರೇಸ್ಕೇಲ್ (ಪವರ್ ಏರಿಳಿಸಿ ನೆರಳು ಮೂಡಿಸುವುದು) ಬಿಟ್ಟು ಡಿದರ್ ವಿಧಾನ (ಚುಕ್ಕಿಗಳ ದಟ್ಟಣೆಯಿಂದ ನೆರಳು ಮೂಡಿಸುವುದು) ಬಳಸಿದರೆ ಎಷ್ಟೋ ವಾಸಿ. ಫೋಟೋವೇ ಮುಖ್ಯ ಕೆಲಸವಾದವರು ಹಳೆಯ ಚಿಕ್ಕ ಲೇಸರನ್ನೇ ಇಟ್ಟುಕೊಳ್ಳಲಿ.

ಕತ್ತರಿಸುವುದರಲ್ಲಿ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ. 3 ಮಿ.ಮೀ.ನ ಹಗುರ ಪ್ಲೈವುಡ್ ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ, ಪೂರ್ಣ ಪವರ್‌ನಲ್ಲಿ ಒಂದೇ ಸಲಕ್ಕೆ ತುಂಡಾಗುತ್ತದೆ, ಗಾಳಿ ಊದುತ್ತಿದ್ದರೆ. ಗಾಳಿಯಿಲ್ಲದೆ ಎರಡು ಮೂರು ಸಲ ಓಡಿಸಬೇಕು, ಅಂಚೂ ಮಸಿ. ಮೀನಿನ ತೊಟ್ಟಿಯ ಪಂಪ್‌ನಲ್ಲಿ ದೊಡ್ಡದು, ನಿಮಿಷಕ್ಕೆ 30 ಲೀಟರಿನದ್ದು, ಸಾಕು. ಹಾರ್ಡ್‌ವೇರ್ ಅಂಗಡಿಯ ವಾಟರ್‌ಪ್ರೂಫ್ ಪ್ಲೈ ಮಾತ್ರ ತರಬೇಡಿ: ಅದರ ಫಿನಾಲಿಕ್ ಅಂಟು ಇದ್ದಿಲಾಗಿ ಕಿರಣವನ್ನು ತಡೆಯುತ್ತದೆ. ಪಾರದರ್ಶಕ ಅಕ್ರಿಲಿಕ್ ಮೂಲಕ ನೀಲಿ ಬೆಳಕು ಹಾದುಹೋಗುತ್ತದೆ, ಅದು ಕತ್ತರಿಸುವುದಿಲ್ಲ. ಕಪ್ಪು, ಕೆಂಪು ಚೆನ್ನಾಗಿ ಬರುತ್ತವೆ. ರೆಕ್ಸಿನ್ ಮತ್ತು ಬೋರ್ಡ್ ಬರೆಯುವವರ ಪಿವಿಸಿ ಫೋಮ್ ಶೀಟ್ ಕೈಗೆತ್ತಿಕೊಳ್ಳಲೇಬೇಡಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೂ ಯಂತ್ರದ ಕಬ್ಬಿಣಕ್ಕೂ ಕೇಡು.

ಕನ್ನಡಕ 450 ನ್ಯಾನೋಮೀಟರ್‌ಗೆ (ನೀಲಿ ಲೇಸರಿನ ತರಂಗಾಂತರ) ಒಡಿ 6 (ಬೆಳಕನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಮಟ್ಟ) ಎಂದು ನಮೂದಿಸಿದ್ದೇ ಆಗಬೇಕು. ಬಣ್ಣದ ಗಾಜಿದ್ದ ಮಾತ್ರಕ್ಕೆ ರಕ್ಷಣೆಯಿಲ್ಲ, ಚದುರಿದ ಬೆಳಕೂ ಕಣ್ಣು ತೆಗೆಯಬಲ್ಲದು. ಮನೆಯಲ್ಲಿ ಮಕ್ಕಳಿದ್ದರೆ ಯಂತ್ರಕ್ಕೆ ಮುಚ್ಚಿದ ಪೆಟ್ಟಿಗೆ ಕಟ್ಟಿಸದೆ ಇದನ್ನು ಆನ್ ಮಾಡಬೇಡಿ.

ಬಾಳಿಕೆ ನಿಂತಿರುವುದು ಲೆನ್ಸಿನ ಮೇಲೆ. ಸ್ಪಿಂಡಲ್ (ಕೊರೆಯುವ ಮೋಟಾರ್) ಹಾಕಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊರೆಯುವಾಗ ಮಾಡ್ಯೂಲ್ ಬಿಚ್ಚಿ ಡಬ್ಬಿಯಲ್ಲಿಡಿ. ಆ ಹುಡಿ ಫ್ಯಾನಿನೊಳಗೂ ಗಾಜಿನ ಮೇಲೂ ಕೂತರೆ ಬಿಸಿಗೆ ಅಲ್ಲೇ ಬೆಂದುಹೋಗುತ್ತದೆ. ಕತ್ತರಿಸುವ ಶಕ್ತಿ ಕುಗ್ಗಿತೆನ್ನಿಸಿದರೆ ಡಯೋಡ್ ಹೋಯಿತೆಂದು ಹೊಸದಕ್ಕೆ ಆರ್ಡರ್ ಹಾಕುವ ಮುನ್ನ, ಪವರ್ ತೆಗೆದು, ಕೆಳಗಿನ ರಕ್ಷಣಾ ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ ನೋಡಿ.