ಕೋಯಾಸಾನ್‌ನ ಚಾಪೆ, ಇಸ್ತಾಂಬುಲ್‌ನ ಮಾಳಿಗೆ

ಜಪಾನಿನ ಕೋಯಾಸಾನ್‌ನ ಗುಡಿಯ ಖೋಲಿಯೊಳಗೆ ಕಾಲಿಟ್ಟ ಕೂಡಲೇ ನಮ್ಮನೆಯವರು ಬಗ್ಗಿ ನೆಲ ತಟ್ಟಿ ನೋಡಿದರು. ಶಹಾಬಾದ್ ಪರಸಿ ಮಾರುತ್ತಿದ್ದ ಮನೆತನದವರು, ಎಲ್ಲಿಗೆ ಹೋದರೂ ಮೊದಲು ಕಣ್ಣು ನೆಲದ ಮೇಲೆ. ಭತ್ತದ ಹುಲ್ಲನ್ನು ಒತ್ತಿ, ಮೇಲೆ ಜೊಂಡು ನೇಯ್ದು ಹೊದಿಸಿದ ತತಾಮಿ ಚಾಪೆ ಅದು. ಗೋಡೆಯಿಂದ ಗೋಡೆಗೆ ಚಾಪೆಯೇ. "ತಣ್ಣಗೂ ಇಲ್ಲ, ಬೆಚ್ಚಗೂ ಇಲ್ಲ. ಬರೊಬ್ಬರಿ ಅದ" ಅಂದರು. ನಾನು ಮಂಚ ಎಲ್ಲಿ ಅಂತ ಹುಡುಕುತ್ತಿದ್ದೆ. ಮಂಚ ಇರಲೇ ಇಲ್ಲ.

ಇವರು ಬ್ಯಾಂಕಿನಲ್ಲಿದ್ದವರು, ನಾನು ಕಲಬುರಗಿಯ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದವಳು. ಮಕ್ಕಳು ದಡ ಸೇರಿದ ಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ದೂರದ ಪ್ರವಾಸ. ಇವರು ಉದ್ದನೆಯ ಒಂದು ಖಾತೆ ಪುಸ್ತಕ ಇಟ್ಟಿದ್ದಾರೆ: ಊರು, ತಾರೀಖು, ರಾತ್ರಿಗೆ ಎಷ್ಟು, ನಲ್ಲಿ ತಿರುಗಿಸಿದ ಎಷ್ಟು ಹೊತ್ತಿಗೆ ಬಿಸಿನೀರು ಬಂತು. ಕೊನೆಯ ಕಾಲಮ್ಮಿನಲ್ಲಿ ಇಬ್ಬರದೂ ಬೇರೆ ಬೇರೆ ಮಾರ್ಕು, ನೂರಕ್ಕೆ. ಪಂಚಮಿಗೆ ಬಂದಾಗಲೆಲ್ಲ ನಾದಿನಿಯ ಪ್ರಶ್ನೆ ಒಂದೇ: "ವೈನಿ, ಎಲ್ಲಕ್ಕಿಂತ ಛಲೋ ಯಾವ್ದು?" ನಾನು ಒಂದು ಹೆಸರು ಹೇಳುತ್ತೇನೆ, ಇವರು ಇನ್ನೊಂದು. ನನ್ನದು ಕೋಯಾಸಾನ್, ಇವರದು ಇಸ್ತಾಂಬುಲ್. ಉಳಿದವೆಲ್ಲ ಇವೆರಡರ ಹಿಂದೆ ನಿಂತವು.

ಮೊದಲು ಹಿಂದೆ ಬಿದ್ದವುಗಳ ಲೆಕ್ಕ ಮುಗಿಸಿಬಿಡುತ್ತೇನೆ.

ಯುರೋಪಿನ ಒಂದು ದೊಡ್ಡ ಊರಿನ ಹೋಟೆಲು, ಹೆಸರು ಬೇಡ. ನಾವು ಕೊಟ್ಟ ಬಾಡಿಗೆಗಳಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚು, ನನ್ನ ಮಾರ್ಕು 31. ನಾನು ಟೀಚರ್ ಆಗಿದ್ದಾಗ ಪಾಸಿಗೆ 35 ಬೇಕಿತ್ತು. ಲಿಫ್ಟಿನಲ್ಲಿ ಒಂದೋ ನಾವು, ಇಲ್ಲ ನಮ್ಮ ಪೆಟ್ಟಿಗೆ. ಪಾಯಖಾನೆಯಲ್ಲಿ ಬರೀ ಕಾಗದ. ಬಕೆಟ್ ಕೇಳಿದರೆ ಕೌಂಟರಿನ ಹುಡುಗಿ ಐಸ್ ತುಂಬಿದ ಸ್ಟೀಲಿನ ಡಬ್ಬಿ ಕಳಿಸಿದಳು. ಐಸು ಚೆಲ್ಲಿ ಐದು ದಿನ ಅದನ್ನೇ ತಂಬಿಗೆ ಮಾಡಿಕೊಂಡೆವು. ಅಂದಿನಿಂದ ನನ್ನ ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಚೆಂಬು ಕಾಯಂ.

ಒಸಾಕಾದ ಕ್ಯಾಪ್ಸೂಲು ಹೋಟೆಲು ಇವರ ಹಟ. ಇಂಥ ಹೋಟೆಲು ಜಗತ್ತಿನಲ್ಲೇ ಮೊದಲು ಶುರುವಾದದ್ದು ಆ ಊರಿನಲ್ಲಿ, 1979ರಲ್ಲಿ. ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ನಾವು ಮಲಗಿದ್ದು ಬೇರೆ ಕಡೆ, ತಲೆಗೆ 3,500 ಯೆನ್, ನಮ್ಮ ಲೆಕ್ಕದಲ್ಲಿ ಸುಮಾರು 2,200 ರೂಪಾಯಿ. ಒಂದರ ಮೇಲೊಂದು ಗೂಡು, ಒಳಗೆ ದೀಪ, ಗಾಳಿ, ಹಾಸಿಗೆ, ಬಾಗಿಲಿಗೆ ಪರದೆ. ಸ್ವಚ್ಛ ಅಂದರೆ ಸ್ವಚ್ಛ. ಗಂಡಸರದೊಂದು ಮಹಡಿ, ಹೆಂಗಸರದೊಂದು ಮಹಡಿ ಅನ್ನುವುದು ಮಾತ್ರ ಹೋದ ಮೇಲೆ ಗೊತ್ತಾಯಿತು. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಮೊದಲ ಸಲ ಗೊರಕೆಯಿಲ್ಲದ ನಿದ್ದೆ! ಬೆಳಿಗ್ಗೆ ಇವರು ಮುಖ ಸಣ್ಣ ಮಾಡಿಕೊಂಡು ಕೆಳಗೆ ಕೂತಿದ್ದರು. "ಸ್ಮಶಾನದಾಗ ಮಲಗಿದಂಗ ಆತು" ಅಂದರು. ನಾನು 70 ಕೊಟ್ಟೆ, ಇವರು 40.

ಸಿಂಗಪುರದ ರಾಫಲ್ಸ್ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. 1887ರಲ್ಲಿ ಶುರುವಾದ ಹೋಟೆಲು, ಅಲ್ಲಿ ತಂಗುವಷ್ಟು ಪೆನ್ಷನ್ ನಮಗಿಲ್ಲ. ನೋಡಿಯೇ ಬರೋಣ ಅಂತ ಅದರ ಲಾಂಗ್ ಬಾರ್‌ಗೆ ಹೋಗಿ ಮದ್ಯವಿಲ್ಲದ್ದೇನೋ ಕುಡಿದೆವು. ಅಲ್ಲಿ ಮೇಜಿನ ಮೇಲೆ ಸಿಪ್ಪೆಸಹಿತ ಶೇಂಗಾ ಇಡುತ್ತಾರೆ, ಸುಲಿದ ಸಿಪ್ಪೆಯನ್ನು ನೆಲಕ್ಕೇ ಹಾಕಬೇಕು, ಅದೇ ಅಲ್ಲಿನ ರೂಢಿ. ಇಡೀ ಸಿಂಗಪುರದಲ್ಲಿ ಒಂದು ಕಾಗದದ ಚೂರು ಬೀಳಿಸಲು ಹೆದರಿದ್ದ ಇವರು ಅಲ್ಲಿ ಮನಸಾರೆ ಶೇಂಗಾ ಸುಲಿದರು.

ಶ್ರೀಲಂಕಾದ ಗಾಲ್ ಕೋಟೆಯನ್ನು ಹಿಂದೆ ಬಿದ್ದದ್ದು ಅನ್ನಲು ಮನಸ್ಸಿಲ್ಲ. 2017ರ ಜನವರಿ, ಕೋಟೆಯೊಳಗಿನ ಹಳೇ ಡಚ್ ಮನೆ, ಎತ್ತರದ ಚಾವಣಿ, ಸೊಳ್ಳೆಪರದೆ, ನಡುವೆ ಅಂಗಳ. ಪೋರ್ಚುಗೀಸರು ಕಟ್ಟಲು ಶುರುಮಾಡಿ, ಡಚ್ಚರು ಭದ್ರ ಮಾಡಿದ ಕೋಟೆ. ಒಳಗೆ ಜನ ಇನ್ನೂ ಸಂಸಾರ ಮಾಡುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಸಂಜೆ ಕೋಟೆಗೋಡೆಯ ಮೇಲೆ ನಡೆದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಯಾರದೋ ಅಡುಗೆಮನೆಯ ಒಗ್ಗರಣೆ. ಬೆಳಿಗ್ಗೆ ಶಾವಿಗೆಯಂಥ ಇಡಿಯಾಪ್ಪ, ಜೊತೆಗೆ ತೆಂಗಿನಕಾಯಿಯ ಪೋಲ್ ಸಾಂಬೋಲ. ಆ ಚಟ್ನಿಯಲ್ಲಿ ಒಣಮೀನಿನ ಪುಡಿ ಸೇರಿಸುವುದುಂಟು, ಮೊದಲೇ ಹೇಳಿಡಬೇಕು. ಕಡಿಮೆಯಾದದ್ದು ಒಂದೇ: ಉಪ್ಪುಗಾಳಿಗೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಅರ್ಧ ಗಂಟೆಗೆ ಸೀರೆ ಒಣಗುವ ಊರಿನವಳಿಗೆ ಇದು ಸಣ್ಣ ಮಾತಲ್ಲ.

ಇನ್ನು ನಿಜವಾದ ಜಗಳ.

ಕೋಯಾಸಾನ್‌ಗೆ ನಾವು ಹೋದದ್ದು 2019ರ ಏಪ್ರಿಲ್ ಕೊನೆಯಲ್ಲಿ, ಕಲಬುರಗಿ 42 ಡಿಗ್ರಿಯಲ್ಲಿ ಕಾಯುತ್ತಿದ್ದಾಗ. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಅದು ಮುಗಿದಲ್ಲಿ ಕಡಿದಾದ ಗುಡ್ಡಕ್ಕೆ ಹಗ್ಗದ ರೈಲು, ಆಮೇಲೆ ಬಸ್ಸು. ಸುಮಾರು 800 ಮೀಟರ್ ಎತ್ತರದ ಗುಡ್ಡದ ಮೇಲೆ ನೂರಕ್ಕೂ ಹೆಚ್ಚು ಬೌದ್ಧ ಗುಡಿಗಳು. ಚೀನಾದಲ್ಲಿ ಓದಿ ಬಂದ ಕೂಕಾಯ್ ಎಂಬ ಸನ್ಯಾಸಿ 816ರಲ್ಲಿ ಅರಸನ ಅಪ್ಪಣೆ ಪಡೆದು ಕಟ್ಟಿದ ಠಾವು. ಆ ಗುಡಿಗಳಲ್ಲಿ ಐವತ್ತರಷ್ಟು ಯಾತ್ರಿಕರಿಗೆ ಇರಲು ಜಾಗ ಕೊಡುತ್ತವೆ, ಅದಕ್ಕೆ ಶುಕುಬೋ ಅನ್ನುತ್ತಾರೆ. ನಮ್ಮವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಮಠದಲ್ಲಿ ತಂಗಿದ ಹಾಗೆ, ಆದರೆ ದುಡ್ಡು ಕೊಟ್ಟು. ಎರಡು ಊಟ ಸೇರಿ ಇಬ್ಬರಿಗೆ 24,000 ಯೆನ್, 15,000 ರೂಪಾಯಿ ದಾಟಿತು. "ಗಾಣಗಾಪುರದಾಗ ಇಷ್ಟಕ್ಕ ಒಂದು ತಿಂಗಳು ಇರಬಹುದಿತ್ತು" ಅಂತ ಇವರು ಖಾತೆ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ.

ಒಸಾಕಾದಲ್ಲಿ ಎರಡು ದಿನ ನಾವು ಉಂಡದ್ದು ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಅಲ್ಲಿನ ಸಾರಿನಲ್ಲೆಲ್ಲ ಒಣಮೀನಿನ ರಸ. ತರಕಾರಿ ಸೂಪ್ ಅಂದರೂ ತಳದಲ್ಲಿ ಮೀನು. ಗುಡಿಯಲ್ಲಿ ಹಾಗಲ್ಲ. ಶೋಜಿನ್ ರ್‍ಯೋರಿ ಅಂತ ಸನ್ಯಾಸಿಗಳ ಅಡುಗೆ: ಮಾಂಸ, ಮೀನು, ಮೊಟ್ಟೆ ಇಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕಡಲಪಾಚಿ, ಅಣಬೆಯ ರಸ. ತಲೆ ಬೋಳಿಸಿದ ಹುಡುಗನೊಬ್ಬ ಕೆಂಪು ಅರಗಿನ ಗಿಡ್ಡ ಮಣೆಗಳನ್ನು ನಮ್ಮ ಮುಂದೆ ನೆಲದ ಮೇಲೆ ತಂದಿಟ್ಟ. ಒಂದು ಬಟ್ಟಲಿನಲ್ಲಿ ಬೂದು ಬಣ್ಣದ ಚೌಕ, ಮುಟ್ಟಿದರೆ ನಡುಗುತ್ತದೆ. ಎಳ್ಳು ಅರೆದು ಕಾಡುಗೆಣಸಿನಂಥ ಒಂದು ಬೇರಿನ ಹಿಟ್ಟು ಹಾಕಿ ಕಾಸಿ ಮಾಡಿದ ಗೋಮಾ ದೋಫು. ಬಾಯಿಗಿಟ್ಟರೆ ಎಳ್ಳಮವಾಸಿಯ ದಿನ ಹೊಲದಲ್ಲಿ ತಿಂದ ಸಜ್ಜಿ ರೊಟ್ಟಿಯ ಎಳ್ಳಿನ ವಾಸನೆ. ಇವರಿಗೆ ಅದು ಸೇರಲಿಲ್ಲ. ನಾನು ಅವರದನ್ನೂ ತಿಂದೆ.

ಮರುದಿನ ಬೆಳಗ್ಗೆ ಪೂಜೆಯಾದ ಮೇಲೆ "ಗೋಮಾ" ಇದೆ ಎಂದರು. ಇವರು ಗಾಬರಿಯಾಗಿ, "ಮತ್ತ ಅದೇ ತಿನ್ನಬೇಕೇನು?" ಅಂದರು. ಹೋಗಿ ನೋಡಿದರೆ ಬೆಂಕಿ! ಎಳ್ಳಿಗೂ ಗೋಮಾ, ಹೋಮಕ್ಕೂ ಗೋಮಾ. ಈ ಎರಡನೆಯದು ನಮ್ಮ ಸಂಸ್ಕೃತದ ಹೋಮವೇ, ಚೀನಾದ ಮೇಲೆ ಹಾದು ಗೋಮಾ ಆಗಿದೆ. ಸನ್ಯಾಸಿ ಕಡ್ಡಿಗಳನ್ನು ಒಂದೊಂದಾಗಿ ಒಡ್ಡಿ ಮಂತ್ರ ಹೇಳುತ್ತಿದ್ದರು, ನಡುವೆ ಒಂದೊಂದು ಪದ ಗುರುತು ಹತ್ತಿದಂತೆ ಆಗಿ ಮತ್ತೆ ತಪ್ಪುತ್ತಿತ್ತು. ನಾವು ಲಿಂಗವಂತರು, ಮನೆಯಲ್ಲಿ ಹೋಮ ಮಾಡಿದವರಲ್ಲ. "ಹೋಮ ನೋಡ್ಲಾಕ ಜಪಾನಿಗಿ ಬರಬೇಕಾತು ನೋಡು" ಅಂತ ಇವರು ಕಿವಿಯಲ್ಲಿ ಹೇಳಿದರು.

ನನ್ನ ಮಾರ್ಕು ಏರಿಸಿದ್ದು ಊಟವಲ್ಲ, ಬಚ್ಚಲು. ಹೆಂಗಸರಿಗೆಲ್ಲ ಒಂದೇ ಸ್ನಾನದ ಮನೆ, ಮೈಮೇಲೆ ನೂಲೆಳೆ ಇರುವಂತಿಲ್ಲ. ನನಗೆ ಧೈರ್ಯವಾಗದೆ ರಾತ್ರಿ ಒಂಬತ್ತಕ್ಕೆ ಮುಚ್ಚುವ ಹೊತ್ತು ಹತ್ತಿರ ಬರುವವರೆಗೆ ಕಾದು ಹೋದೆ. ಒಳಗೆ ಒಬ್ಬಳೇ ಅಜ್ಜಿ. ಬಾಗಿಲಲ್ಲೇ ನಿಂತವಳನ್ನು ನೋಡಿ ಒಂದು ಗಿಡ್ಡ ಸ್ಟೂಲು ನನ್ನ ಕಡೆ ಸರಿಸಿದಳು, ಹಿಂದೆಯೇ ಒಂದು ಮರದ ಬೋಗುಣಿ. ಮೊದಲು ಮಣೆಯ ಮೇಲೆ ಕೂತು ಬೋಗುಣಿಯಲ್ಲಿ ಮೊಗೆಮೊಗೆದು ಮೈ ತೊಳೆದುಕೊಳ್ಳಬೇಕು, ಆಮೇಲೆ ಬಿಸಿನೀರಿನ ಹೊಂಡಕ್ಕೆ ಇಳಿಯಬೇಕು. ನಮ್ಮವ್ವನ ಬಚ್ಚಲಮನೆಯಲ್ಲಿ ಹಂಡೆಯ ಮುಂದೆ ಕೂತಂತೆಯೇ. ಎಷ್ಟು ದೇಶ ತಿರುಗಿದರೂ ಕೂತು ನೀರು ಹೊಯ್ದುಕೊಳ್ಳುವ ಬಚ್ಚಲು ಸಿಕ್ಕಿದ್ದು ಅಲ್ಲೊಂದೇ ಕಡೆ. ನಾಚಿಕೆ ಯಾವಾಗ ಹೋಯಿತೋ ಗೊತ್ತಿಲ್ಲ. ಅಜ್ಜಿ ಏನೋ ಕೇಳಿದಳು, ನಾನು ಕನ್ನಡದಲ್ಲೇ "ಹೌದವ್ವ" ಅಂದೆ.

ಕುಂದು ಇಲ್ಲವೆಂದಲ್ಲ. ರಾತ್ರಿಯ ಚಳಿಗೆ ಸೀಮೆಎಣ್ಣೆಯ ಹೀಟರ್ ಒಂದೇ ಗತಿ. ಪಾಯಖಾನೆ ಪಡಸಾಲೆಯ ಆ ತುದಿಗೆ. ಖೋಲಿಗಳ ನಡುವೆ ಗೋಡೆಯಿಲ್ಲ, ಕಾಗದ ಅಂಟಿಸಿದ ಜಾರುಬಾಗಿಲು. ಸಂಜೆ ಐದೂವರೆಗೇ ಊಟ ಕೊಟ್ಟಿದ್ದರಿಂದ ಹತ್ತರ ಹೊತ್ತಿಗೆ ಹಸಿವು. ಇವರು ಚೀಲದಿಂದ ಖಡಕ್ ರೊಟ್ಟಿ ತೆಗೆದು ಮುರಿದರು, ಆ ಶಬ್ದಕ್ಕೆ ಪಕ್ಕದ ಖೋಲಿಯಲ್ಲಿ ಯಾರೋ ಎದ್ದು ಕೆಮ್ಮಿದರು. ಆಮೇಲೆ ರೊಟ್ಟಿಗೆ ನೀರು ಚಿಮುಕಿಸಿ, ಟವೆಲಿನಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ಕತ್ತಲಲ್ಲಿ ಕಳ್ಳರ ಹಾಗೆ ತಿಂದೆವು. ನನ್ನದು 91, ಇವರದು 78.

ಇಸ್ತಾಂಬುಲ್ 2023ರ ಅಕ್ಟೋಬರಿನಲ್ಲಿ. ಸುಲ್ತಾನಹ್ಮೆತ್‌ನ ಇಳಿಜಾರು ಓಣಿಯಲ್ಲಿ ಹನ್ನೆರಡು ಖೋಲಿಗಳ ಸಣ್ಣ ಹೋಟೆಲು, ರಾತ್ರಿಗೆ 70 ಯೂರೋ, ನಮ್ಮ 6,200 ರೂಪಾಯಿ, ನಾಷ್ಟಾ ಸೇರಿ. ನಮ್ಮ ಖೋಲಿ ಇಷ್ಟೇ ಇಷ್ಟು. ಪೆಟ್ಟಿಗೆ ತೆರೆದರೆ ಬಾಗಿಲು ತೆರೆಯದು. ಲಿಫ್ಟಿಲ್ಲ, ನಾಲ್ಕು ಮಹಡಿ. ಮಂಚ ಎತ್ತರ, ಹಾಸಿಗೆ ಹತ್ತಿಯ ಮೂಟೆ, ಎರಡನೇ ದಿನಕ್ಕೇ ನನ್ನ ಸೊಂಟ ಹಿಡಿಯಿತು. ಪಾಯಖಾನೆಗೆ ಮಾತ್ರ ಪೂರ್ಣ ಮಾರ್ಕು. ತುರ್ಕರು ಕಮೋಡಿನ ಒಳಗೇ ಒಂದು ಸಣ್ಣ ನೀರಿನ ನಳಿಕೆ ಕೂರಿಸಿರುತ್ತಾರೆ, ನನ್ನ ಚೆಂಬು ಪೆಟ್ಟಿಗೆಯಿಂದ ಹೊರಬರಲೇ ಇಲ್ಲ.

ಆದರೆ ಮಾಳಿಗೆ! ಕಲಬುರಗಿಯಲ್ಲಿ ಬೇಸಿಗೆ ರಾತ್ರಿ ಮಾಳಿಗೆ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಕಿ ಬೆಳೆದವರಿಗೆ ಮಾಳಿಗೆಯ ಬೆಲೆ ಗೊತ್ತು. ಅಲ್ಲೇ ನಾಷ್ಟಾ. ಒಂದು ಕಡೆ ಮರ್ಮರಾ ಸಮುದ್ರದಲ್ಲಿ ಸಾಲು ಹಡಗು, ಇನ್ನೊಂದು ಕಡೆ 1616ರಲ್ಲಿ ಮುಗಿದ ನೀಲಿ ಮಸೀದಿಯ ಆರು ಮಿನಾರು, ಅದರಾಚೆ 537ರ ಹಾಗಿಯಾ ಸೋಫಿಯಾದ ಗುಮ್ಮಟ. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು, ಬಯಲಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಡಿ ಇರುವಂಥದ್ದು. "ನಮ್ದರ ಮುಂದ ಈ ನೀಲಿ ಮಸೀದಿ ಕೂಸು" ಅಂತ ಇವರು ಅಲ್ಲೂ ಊರಿನ ಮಾನ ಕಾಪಾಡಿದರು. ಇಲ್ಲಿಂದ ಒಂದು ಆಜಾನ್ ಸಾಲು ನಿಂತರೆ ಅಲ್ಲಿಂದ ಇನ್ನೊಂದು ಎತ್ತಿಕೊಳ್ಳುತ್ತದೆ, ಸವಾಲು ಜವಾಬಿನ ಹಾಗೆ. ದರ್ಗಾದ ಕಡೆಯ ಓಣಿಯಲ್ಲಿ ಬೆಳೆದ ಇವರಿಗೆ ಬೆಳಗಿನ ಆ ದನಿ ಕೇಳಿದರೆ ಮನೆಗೆ ಬಂದಂತೆ.

ಹೋಟೆಲಿನ ಯಜಮಾನ ಎಪ್ಪತ್ತು ದಾಟಿದವನು. ಒಂದರ ಮೇಲೊಂದು ಕೂರುವ ಜೋಡಿ ಕೆಟಲು ಇಟ್ಟುಕೊಂಡಿದ್ದ, ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗಿನದರಲ್ಲಿ ಕುದಿನೀರು. ನಡು ಸಣ್ಣಗಿರುವ ಗಾಜಿನ ಲೋಟಕ್ಕೆ ಮೊದಲು ಡಿಕಾಕ್ಷನ್, ಆಮೇಲೆ ನೀರು, ಲೋಟವನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡಿ ಕೊಡುತ್ತಿದ್ದ. ಅವರೂ ಅದಕ್ಕೆ "ಚಾಯ್" ಅನ್ನುತ್ತಾರೆ. ಇವರು "ಚಾ" ಅಂದರು. ಅಷ್ಟು ಸಾಕಾಯಿತು, ಐದು ದಿನ ಇಬ್ಬರೂ ಭಾಷೆಯಿಲ್ಲದೆ ಗಂಟೆಗಟ್ಟಲೆ ಕೂತರು. ಹಾಲಿಲ್ಲದ ಚಾ ಮನೆಯಲ್ಲಿ ಕೊಟ್ಟರೆ ಲೋಟ ಹಿಂದಕ್ಕೆ ತಳ್ಳುವ ಮನುಷ್ಯ ದಿನಕ್ಕೆ ಎಂಟು ಲೋಟ ಕುಡಿದ. ನನಗೆ ಆಲಿವ್, ಬಿಳಿ ಚೀಸು, ಟೊಮ್ಯಾಟೊ, ಸೌತೆ, ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ ಸಿಮಿತ್. ದಪ್ಪ ಕೆನೆಯ ಮೇಲೆ ಜೇನು ಸುರಿದು ಕೊಡುತ್ತಾರೆ, ಅದೊಂದಕ್ಕೆ ಐದು ಮಾರ್ಕು ಹೆಚ್ಚಿಗೆ ಹಾಕಿದ್ದೇನೆ. ನಾವಿದ್ದಾಗಲೇ, ಅಕ್ಟೋಬರ್ 29ಕ್ಕೆ, ಅವರ ಗಣರಾಜ್ಯಕ್ಕೆ ನೂರು ವರ್ಷ ತುಂಬಿತು. ಓಣಿ ತುಂಬ ಕೆಂಪು ಬಾವುಟ. ರಾತ್ರಿ ಮಾಳಿಗೆ ಮೇಲೆ ಎಲ್ಲ ಖೋಲಿಯವರೂ ಸೇರಿ ಪಟಾಕಿಯ ಬೆಳಕು ನೋಡಿದೆವು, ಯಜಮಾನ ಅಳುತ್ತಿದ್ದ. ಇವರದು 93, ನನ್ನದು 82. ಆ ಹನ್ನೊಂದು ಮಾರ್ಕು ನನ್ನ ಸೊಂಟಕ್ಕೆ ಹೋಯಿತು.

ಮೊಣಕಾಲು ನೋವಿದ್ದವರಿಗೆ ಎರಡೂ ಕಷ್ಟ. ಅಲ್ಲಿ ನೆಲದಿಂದ ಏಳಬೇಕು, ಇಲ್ಲಿ ಮೆಟ್ಟಿಲು ಹತ್ತಬೇಕು. ಅಂಥವರು ಗಾಲ್‌ಗೆ ಹೋಗಲಿ, ಒಗೆದದ್ದು ಒಣಗದಿದ್ದರೂ ಚಿಂತೆಯಿಲ್ಲ ಅನ್ನುವಷ್ಟು ಬಟ್ಟೆ ಒಯ್ಯಲಿ. ನಾಲ್ಕು ಜನರ ಜೊತೆ ಬೆರೆತು ಮಾತಾಡುವವರು ಇಸ್ತಾಂಬುಲ್‌ಗೆ ಹೋಗಲಿ. ಕೋಯಾಸಾನ್‌ನಲ್ಲಿ ಒಂದೇ ರಾತ್ರಿ ಸಾಕು ಅನ್ನುತ್ತಾರೆ, ನನ್ನ ಕೇಳಿದರೆ ಎರಡು ಬೇಕು. ಮೊದಲ ರಾತ್ರಿ ನಾಚಿಕೆಗೇ ಹೋಗುತ್ತದೆ.

ಮೊನ್ನೆ ಪಂಚಮಿಗೆ ನಾದಿನಿ ಬಂದು ಅದೇ ಪ್ರಶ್ನೆ ಕೇಳಿದಳು. ಇವರು ಖಾತೆ ಪುಸ್ತಕ ತಂದು ಕೂಡಿಸಿ ತೋರಿಸಿದರು: ಕೋಯಾಸಾನ್ 169, ಇಸ್ತಾಂಬುಲ್ 175. "ಗೆದ್ದೆ" ಅಂದರು. ನಾನು ಒಳಗೆ ಚಾ ಇಡುತ್ತಿದ್ದೆ. ಅವತ್ತು ಇವರಿಗೆ ಹಾಲಿಲ್ಲದ ಚಾ ಕೊಟ್ಟೆ.